ದಕ್ಷಿಣ ಫ್ರಾನ್ಸ್‌ನಲ್ಲಿ ಕಾರು ಪ್ರವಾಸ: ಮೊದಲು ರಾತ್ರಿಯ ತಂಗುದಾಣ, ಆಮೇಲೆ ಉಳಿದದ್ದು

ಕುಟುಂಬ ಸಮೇತ ದೂರದ ಪ್ರವಾಸ ಹೊರಡುವಾಗ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಯನ್ನು ಸ್ವಲ್ಪ ಗಮನಿಸಿ. ಯಾವ ಕೋಟೆ, ಯಾವ ಕಡಲತೀರ, ಯಾವ ಸೇತುವೆ ಎಂಬ ಪಟ್ಟಿ ಮೊದಲ ದಿನವೇ ಸಿದ್ಧವಾಗುತ್ತದೆ. ರಾತ್ರಿ ಎಲ್ಲಿ ತಂಗುವುದು ಎಂಬ ಪ್ರಶ್ನೆಗೆ ಮಾತ್ರ ‘ಎಲ್ಲಾದರೂ ಒಂದು ರೂಮು ಸಿಗುತ್ತದೆ ಬಿಡಿ’ ಎಂಬ ಉತ್ತರ. ಆದರೆ ಆ ‘ಎಲ್ಲಾದರೂ’ ಎಂಬುದರ ಭಾರ ಬೀಳುವುದು ಯಾರ ಮೇಲೆ? ರಾತ್ರಿ ಹತ್ತು ಗಂಟೆಗೆ ಅಪರಿಚಿತ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುವವಳು, ಮಗುವಿನ ಹಾಲು ಬಿಸಿ ಮಾಡಲು ದಾರಿ ಹುಡುಕುವವಳು, ವಯಸ್ಸಾದ ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸುವವಳು, ಬೆಳಿಗ್ಗೆ ಮತ್ತೆ ಎಲ್ಲವನ್ನೂ ಮಡಚಿ ತುಂಬುವವಳು ಮನೆಯ ಹೆಣ್ಣುಮಗಳೇ. ಗಂಡಸರಿಗೆ ಅದು ಪ್ರವಾಸ. ಅವಳಿಗೆ ದಿನಕ್ಕೊಂದು ಮನೆ ಬದಲಾಯಿಸಿದ ಹಾಗೆ.

ಪ್ರಯಾಣವೆಂಬುದು ಕಷ್ಟದ ಒಂದು ತುಣುಕು, ಅದು ಮನುಷ್ಯನ ಊಟ, ನೀರು ಮತ್ತು ನಿದ್ರೆಗೆ ಅಡ್ಡಿಯಾಗುತ್ತದೆ ಎಂಬ ಅರ್ಥದ ಪ್ರವಾದಿ ಮುಹಮ್ಮದ್(ಸ)ರ ವಚನ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಈ ಮೂರು ವಿಷಯಗಳನ್ನೇ ಒಮ್ಮೆ ಆಲೋಚಿಸಿ ನೋಡಿ. ಊಟ, ನೀರು, ನಿದ್ರೆ. ಈ ಮೂರನ್ನೂ ಪ್ರಯಾಣಿಕನಿಗೆ ಮರಳಿಸಿ ಕೊಡುವ ಜಾಗವೇ ರಾತ್ರಿಯ ತಂಗುದಾಣ. ಅದನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧ ಪ್ರವಾಸ ಗೆದ್ದಂತೆ.

ಇದನ್ನು ದಕ್ಷಿಣ ಫ್ರಾನ್ಸ್‌ನ ಉದಾಹರಣೆಯೊಂದಿಗೆ ವಿವರಿಸಲು ಕಾರಣವಿದೆ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯ ಕೆಲವು ಕುಟುಂಬಗಳು ಬೇಸಿಗೆಯ ರಜೆಗೆ ಅತ್ತ ಹೋಗತೊಡಗಿವೆ. ಅಲ್ಲಿನ ರಸ್ತೆಗಳು ಉತ್ತಮ, ಊರುಗಳು ಒಂದಕ್ಕೊಂದು ಹತ್ತಿರ, ನೋಡಲು ಬೇಕಾದಷ್ಟಿದೆ. ಹಾಗಾಗಿಯೇ ದಿನಕ್ಕೊಂದು ಊರು ಎಂಬ ಆಸೆಯೂ ಅಲ್ಲಿ ಹೆಚ್ಚು.

ಊರುಗಳು ಹತ್ತಿರ, ಹಾಸಿಗೆಗಳು ದೂರ

ಮೊದಲು ದಾರಿಯನ್ನು ತಿಳಿದುಕೊಳ್ಳೋಣ. ಲಿಯೋಂ ನಗರದಿಂದ ದಕ್ಷಿಣಕ್ಕೆ ರೋನ್ ನದಿಯ ಕಣಿವೆಯುದ್ದಕ್ಕೂ ಎ7 ಎಂಬ ಹೆದ್ದಾರಿ ಮಾರ್ಸೇಲ್‌ವರೆಗೆ ಇಳಿಯುತ್ತದೆ. ಫ್ರೆಂಚರು ಇದನ್ನು ಸೂರ್ಯನ ಹೆದ್ದಾರಿ ಎಂದೇ ಕರೆಯುತ್ತಾರೆ. ದಾರಿಯಲ್ಲಿ ಒರಾಂಜ್ ಎಂಬಲ್ಲಿ ಎ9 ಕವಲೊಡೆದು ನೀಮ್, ಮೋಂಪೆಲಿಯೇ, ನಾರ್ಬೋನ್ ಮೂಲಕ ಸ್ಪೇನ್‌ನತ್ತ ಹೋಗುತ್ತದೆ. ಎಕ್ಸ್ ನಗರದ ಬಳಿಯಿಂದ ಎ8 ಪೂರ್ವಕ್ಕೆ ಹೊರಟು ನೀಸ್ ದಾಟಿ ಇಟಲಿ ಸೇರುತ್ತದೆ. ಈ ಹೆದ್ದಾರಿಗಳ ಹೆಚ್ಚಿನ ಭಾಗಕ್ಕೆ ಸುಂಕವಿದೆ. ವೇಗದ ಮಿತಿ ಗಂಟೆಗೆ 130 ಕಿಲೋಮೀಟರ್, ಮಳೆ ಬಂದರೆ 110. ಊರ ಹೊರಗಿನ ಸಾಮಾನ್ಯ ದ್ವಿಪಥ ರಸ್ತೆಗಳಲ್ಲಿ 2018ರ ಜುಲೈಯಿಂದ 80ರ ಮಿತಿ ಬಂದಿದೆ. ಕೆಲವು ಜಿಲ್ಲೆಗಳು ಆಮೇಲೆ 90ಕ್ಕೆ ಮರಳಿವೆ.

ದೂರಗಳನ್ನು ನೋಡಿ. ಲಿಯೋಂನಿಂದ ಅವಿನ್ಯೋಂಗೆ ಸುಮಾರು 230 ಕಿಲೋಮೀಟರ್. ಅವಿನ್ಯೋಂನಿಂದ ನೀಮ್‌ಗೆ 45, ನೀಮ್‌ನಿಂದ ಆರ್ಲ್‌ಗೆ 30, ಆರ್ಲ್‌ನಿಂದ ಮಾರ್ಸೇಲ್‌ಗೆ 90ರ ಆಸುಪಾಸು. ಮಾರ್ಸೇಲ್‌ನಿಂದ ನೀಸ್‌ಗೆ ಸುಮಾರು 200. ಈ ಅಂಕಿಗಳನ್ನು ಕಂಡವರಿಗೆ ‘ಇವತ್ತು ಅವಿನ್ಯೋಂ, ನಾಳೆ ನೀಮ್, ನಾಡಿದ್ದು ಆರ್ಲ್’ ಎನಿಸುವುದು ಸಹಜ. ಆದರೆ ಇದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಇಷ್ಟು ಹತ್ತಿರವಿರುವ ಊರುಗಳಿಗೆ ಹಾಸಿಗೆ ಬದಲಾಯಿಸುವ ಅಗತ್ಯವೇನಿದೆ? ನೀಮ್‌ನಲ್ಲಿ ನಾಲ್ಕು ರಾತ್ರಿ ತಂಗಿದರೆ ಅವಿನ್ಯೋಂ, ಆರ್ಲ್, ಕಮಾರ್ಗ್‌ನ ಜೌಗು ಪ್ರದೇಶ, ಎರಡು ಸಾವಿರ ವರ್ಷ ಹಳೆಯ ಪೋಂ ದ್ಯು ಗಾರ್ ಎಂಬ ರೋಮನ್ ನೀರ್ಗಾಲುವೆಯ ಸೇತುವೆ ಎಲ್ಲವನ್ನೂ ಬೆಳಿಗ್ಗೆ ಹೋಗಿ ಸಂಜೆ ಮರಳುವಂತೆ ನೋಡಬಹುದು.

ದುಬೈಯಲ್ಲಿರುವ ನನ್ನ ತಂಗಿಯ ಕುಟುಂಬ ಈ ಪ್ರವಾಸಕ್ಕೆ ಸಿದ್ಧವಾದಾಗ ಭಾವ ನನಗೊಂದು ಪಟ್ಟಿ ಕಳಿಸಿದ್ದರು. ಹತ್ತು ರಾತ್ರಿಗೆ ಎಂಟು ಊರು! ಹೋಗುವವರು ಭಾವ, ತಂಗಿ, ಮೂವರು ಮಕ್ಕಳು ಮತ್ತು ಮಂಡಿನೋವಿನ ನಮ್ಮ ಉಮ್ಮ. ಚಿಕ್ಕವನಿಗೆ ಆಗಿನ್ನೂ ಎರಡು ವರ್ಷ. ಫೋನ್‌ನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: “ಉಮ್ಮ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿಯಬೇಕು?” ಆ ಪ್ರಶ್ನೆಯಿಂದಲೇ ಪಟ್ಟಿ ಬದಲಾಯಿತು. ಮೊದಲ ರಾತ್ರಿ ಲಿಯೋಂ, ಏಕೆಂದರೆ ವಿಮಾನ ಇಳಿದ ದಿನ ಉದ್ದ ಚಾಲನೆ ಬೇಡ. ಆಮೇಲೆ ನೀಮ್ ಹತ್ತಿರ ನಾಲ್ಕು ರಾತ್ರಿ, ಎಕ್ಸ್ ಹತ್ತಿರ ಮೂರು, ಕೊನೆಗೆ ನೀಸ್‌ನಲ್ಲಿ ಎರಡು. ಎಂಟು ಊರು ನಾಲ್ಕಾಯಿತು. ನೋಡಿದ ಸ್ಥಳಗಳು ಕಡಿಮೆಯಾಗಲಿಲ್ಲ, ಪೆಟ್ಟಿಗೆ ಕಟ್ಟುವ ಕೆಲಸ ಅರ್ಧಕ್ಕಿಳಿಯಿತು.

‘ಹಸಿವಿಗೆ ರುಚಿ ಬೇಕಿಲ್ಲ, ನಿದ್ದೆಗೆ ಹಾಸಿಗೆ ಬೇಕಿಲ್ಲ’ ಎಂಬ ಗಾದೆ ಹದಿಹರೆಯದವರಿಗೆ ಸರಿ. ವಯಸ್ಸಾದ ತಾಯಿ, ಹಾಲು ಕುಡಿಯುವ ಮಗು, ಗರ್ಭಿಣಿ ಸೊಸೆ ಇರುವ ಕಾರಿಗೆ ಅದು ಹೊಂದುವುದಿಲ್ಲ. ಕಾರಿನಲ್ಲಿರುವವರಲ್ಲಿ ಯಾರು ಅತ್ಯಂತ ಅಶಕ್ತರೋ ಅವರ ದಿನವನ್ನು ಮೊದಲು ಲೆಕ್ಕ ಹಾಕಬೇಕು. ಉಳಿದವರು ಅದಕ್ಕೆ ಹೊಂದಿಕೊಳ್ಳುತ್ತಾರೆ.

ತಂಗುವ ಜಾಗಗಳ ಬಗೆಗಳು

ಫ್ರಾನ್ಸ್‌ನಲ್ಲಿ ತಂಗಲು ಹೋಟೆಲ್ ಒಂದೇ ಇರುವುದಲ್ಲ. ಮುಖ್ಯವಾಗಿ ನಾಲ್ಕು ಬಗೆಗಳನ್ನು ತಿಳಿದಿರಬೇಕು.

ಮೊದಲನೆಯದು ಹೋಟೆಲ್. ಒಂದು ರಾತ್ರಿಯ ನಿಲುಗಡೆಗೆ ಇದು ಒಳ್ಳೆಯದು. ಹೆದ್ದಾರಿಯಿಂದ ಇಳಿಯುವ ಕಡೆಗಳಲ್ಲಿ ಕಡಿಮೆ ದರದ ಸರಣಿ ಹೋಟೆಲ್‌ಗಳಿವೆ. ಅಲ್ಲಿ ಕಾರು ನಿಲ್ಲಿಸಲು ಜಾಗವಿರುತ್ತದೆ. ಆದರೆ ಕೋಣೆಗಳು ಚಿಕ್ಕವು, ಎಷ್ಟು ಜನರೆಂಬ ಮಿತಿ ಕಟ್ಟುನಿಟ್ಟು. ನಮ್ಮಲ್ಲಿಯಂತೆ ‘ಮಕ್ಕಳು ನೆಲದ ಮೇಲೆ ಮಲಗುತ್ತಾರೆ, ಒಂದು ಚಾಪೆ ಕೊಡಿ’ ಎಂದರೆ ನಡೆಯುವುದಿಲ್ಲ. ಆರು ಜನರಿಗೆ ಎರಡು ಕೋಣೆ ಬೇಕೇ ಬೇಕು. ಹಾಗಾದರೆ ನಡುವೆ ಬಾಗಿಲಿರುವ ಜೋಡಿ ಕೋಣೆಗಳಿವೆಯೇ ಎಂದು ಮೊದಲೇ ಕೇಳಿ. ಇಲ್ಲವಾದರೆ ತಾಯಿ ಒಂದು ಮಹಡಿಯಲ್ಲಿ, ಮಕ್ಕಳು ಇನ್ನೊಂದರಲ್ಲಿ ಎಂಬಂತಾಗುತ್ತದೆ.

ಎರಡನೆಯದು ಷಾಂಬ್ರ್ ದೋತ್, ಅಂದರೆ ಮನೆಯವರು ತಮ್ಮದೇ ಮನೆಯಲ್ಲಿ ಅತಿಥಿಗಳಿಗೆ ಕೊಡುವ ಕೋಣೆ. ಕಾನೂನಿನ ಪ್ರಕಾರ ಇಂಥ ಮನೆಯಲ್ಲಿ ಐದಕ್ಕಿಂತ ಹೆಚ್ಚು ಕೋಣೆ, ಹದಿನೈದಕ್ಕಿಂತ ಹೆಚ್ಚು ಅತಿಥಿಗಳು ಇರುವಂತಿಲ್ಲ. ಬೆಳಗಿನ ಉಪಾಹಾರ ಬಾಡಿಗೆಯಲ್ಲೇ ಸೇರಿದೆ. ಬ್ರೆಡ್, ಬೆಣ್ಣೆ, ಹಣ್ಣಿನ ಜಾಮ್, ಕಾಫಿ ಇತ್ಯಾದಿ. ಮನೆಯೊಡತಿಯೊಂದಿಗೆ ಮಾತುಕತೆಯಾಗುತ್ತದೆ, ಊರಿನ ಪರಿಚಯವಾಗುತ್ತದೆ. ಆದರೆ ಅಡುಗೆ ಮನೆಯನ್ನು ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಮೂರನೆಯದು ಝೀತ್. ಹಳ್ಳಿಗಾಡಿನಲ್ಲಿ ಪೂರ್ತಿ ಮನೆಯನ್ನೇ ಬಾಡಿಗೆಗೆ ಕೊಡುವ ಪದ್ಧತಿ. ಇಂಥ ಮನೆಗಳ ರಾಷ್ಟ್ರೀಯ ಒಕ್ಕೂಟ 1955ರಿಂದ ಇದೆ. ಅವರು ಮನೆಗಳಿಗೆ ನಕ್ಷತ್ರದ ಬದಲು ಗೋಧಿಯ ತೆನೆಯ ಲೆಕ್ಕದಲ್ಲಿ ದರ್ಜೆ ಕೊಡುವುದು ವಾಡಿಕೆ. ಅಡುಗೆ ಮನೆ, ಬಟ್ಟೆ ಒಗೆಯುವ ಯಂತ್ರ, ಅಂಗಳ ಎಲ್ಲ ನಿಮ್ಮದೇ. ನಮ್ಮಂಥ ಕುಟುಂಬಕ್ಕೆ ಇದೇ ಹೆಚ್ಚು ಹೊಂದುತ್ತದೆ. ಎರಡು ವಿಷಯ ಮಾತ್ರ ಗಮನದಲ್ಲಿರಲಿ. ಜುಲೈ ಮತ್ತು ಆಗಸ್ಟ್‌ನಲ್ಲಿ ಹೆಚ್ಚಿನ ಝೀತ್‌ಗಳನ್ನು ಶನಿವಾರದಿಂದ ಶನಿವಾರಕ್ಕೆ, ಪೂರ್ತಿ ವಾರಕ್ಕೇ ಕೊಡುತ್ತಾರೆ. ಹಾಸಿಗೆಯ ಹೊದಿಕೆ, ಟವೆಲ್, ಕೊನೆಯ ದಿನದ ಸ್ವಚ್ಛತೆ ಇವುಗಳಿಗೆ ಬೇರೆ ಹಣ ಇರಬಹುದು.

ನಾಲ್ಕನೆಯದು ಕ್ಯಾಂಪಿಂಗ್. ಡೇರೆ ಎಂದು ಹೆದರಬೇಡಿ. ಅಲ್ಲಿ ಮೊಬೀಲ್ ಹೋಮ್ ಎಂಬ ಪುಟ್ಟ ಮನೆಗಳೂ ಇರುತ್ತವೆ. ಎರಡು ಮಲಗುವ ಕೋಣೆ, ಸಣ್ಣ ಅಡುಗೆ ಮೂಲೆ, ಹೊರಗೆ ಮಕ್ಕಳಿಗೆ ಆಟದ ಜಾಗ. ಖರ್ಚು ಕಡಿಮೆ. ಆದರೆ ಗೋಡೆಗಳು ತೆಳು. ಬಿಸಿಲೂ ಒಳಬರುತ್ತದೆ, ಪಕ್ಕದವರ ಸಂಗೀತವೂ ಒಳಬರುತ್ತದೆ.

ಈ ನಾಲ್ಕರಲ್ಲಿ ಯಾವುದಾದರೂ ಸರಿ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಆದರೆ ಲೆಕ್ಕ ಹಾಕುವಾಗ ಕೋಣೆಯ ಬಾಡಿಗೆಯನ್ನು ಮಾತ್ರ ನೋಡಬೇಡಿ. ಅಡುಗೆ ಮನೆ ಇಲ್ಲದ ಅಗ್ಗದ ಕೋಣೆಯಲ್ಲಿ ಆರು ಜನ ಮೂರು ಹೊತ್ತು ಹೊರಗೆ ಉಂಡರೆ ಅಗ್ಗವೇ ದುಬಾರಿಯಾಗುತ್ತದೆ. ಇದರೊಂದಿಗೆ ಪ್ರವಾಸಿ ತೆರಿಗೆ ಎಂದು ದೊಡ್ಡವರ ತಲೆಗೆ, ರಾತ್ರಿಗೆ ಇಂತಿಷ್ಟು ಎಂದು ಸ್ಥಳೀಯ ಆಡಳಿತಕ್ಕೆ ಕೊಡಬೇಕಾಗುತ್ತದೆ. 18 ವರ್ಷದೊಳಗಿನವರಿಗೆ ಇದರಿಂದ ವಿನಾಯಿತಿ ಇದೆ.

ದಾರಿ ಬದಿಯಲ್ಲಿ ಮಲಗಬೇಡಿ

ರಾತ್ರಿ ತಂಗುವಾಗ ದಾರಿಯಿಂದ ದೂರ ಸರಿಯಿರಿ, ರಾತ್ರಿಯಲ್ಲಿ ಅದು ಹಾನಿಕಾರಕ ಜೀವಿಗಳ ತಾಣ ಎಂಬ ಅರ್ಥದ ಪ್ರವಾದಿವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂಟೆಗಳ ಕಾಲದ ಈ ಮಾತು ಇಂದಿನ ಹೆದ್ದಾರಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಫ್ರಾನ್ಸ್‌ನ ಹೆದ್ದಾರಿಗಳಲ್ಲಿ ಅಲ್ಲಲ್ಲಿ ‘ಏರ್’ ಎಂಬ ವಿಶ್ರಾಂತಿ ತಾಣಗಳಿವೆ. ಶೌಚಾಲಯ, ನೆರಳು, ಊಟದ ಮೇಜು ಇರುತ್ತದೆ. ದೊಡ್ಡವುಗಳಲ್ಲಿ ಪೆಟ್ರೋಲ್ ಬಂಕ್ ಮತ್ತು ಅಂಗಡಿಯೂ ಇದೆ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಎಂಬುದು ಅಲ್ಲಿನ ರಸ್ತೆ ಸುರಕ್ಷತೆಯ ಮುಖ್ಯ ಸಲಹೆ. ಹಗಲಿನ ವಿಶ್ರಾಂತಿಗೆ, ನಮಾಝ್‌ಗೆ, ಕಟ್ಟಿ ತಂದ ಬುತ್ತಿ ಉಣ್ಣಲು ಇವು ಅನುಕೂಲ. ಆದರೆ ‘ಒಂದು ರಾತ್ರಿ ಕಾರಿನಲ್ಲೇ ಕಳೆದರೆ ಹಣ ಉಳಿಯಿತಲ್ಲ’ ಎಂದುಕೊಳ್ಳಬೇಡಿ. ರಾತ್ರಿ ವೇಳೆ ನಿಂತ ವಾಹನಗಳಿಂದ ಕಳ್ಳತನ ನಡೆಯುವುದು ಇಂಥ ಕಡೆಗಳಲ್ಲೇ.

ನಗರಗಳಲ್ಲೂ ಎಚ್ಚರ ಬೇಕು. ಅವಿನ್ಯೋಂ, ಆರ್ಲ್, ಎಕ್ಸ್ ಇವೆಲ್ಲ ಹಳೆಯ ಊರುಗಳು. ಹಳೆಪೇಟೆಯ ಓಣಿಗಳಲ್ಲಿ ದೊಡ್ಡ ಕಾರು ತಿರುಗುವುದೇ ಕಷ್ಟ. ಹಲವು ಬೀದಿಗಳಿಗೆ ಹೊರಗಿನ ವಾಹನಗಳ ಪ್ರವೇಶವೇ ಇಲ್ಲ. ನಡುಪೇಟೆಯಲ್ಲಿ ಕೋಣೆ ಹಿಡಿದು ಅರ್ಧ ಕಿಲೋಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಮಗುವನ್ನೂ ಪೆಟ್ಟಿಗೆಯನ್ನೂ ಹೊತ್ತು ನಡೆಯುವುದಕ್ಕಿಂತ ಊರ ಅಂಚಿನಲ್ಲಿ, ಕಾರು ಬಾಗಿಲ ಬಳಿಯೇ ನಿಲ್ಲುವ ಜಾಗ ಲೇಸು. ಎಲ್ಲೇ ನಿಲ್ಲಿಸಿದರೂ ಕಿಟಕಿಯಿಂದ ಕಾಣುವಂತೆ ಏನನ್ನೂ ಬಿಡಬೇಡಿ.

ತಲುಪುವ ಸಮಯವೂ ಮುಖ್ಯ. ಹಳ್ಳಿಯ ಸಣ್ಣ ಹೋಟೆಲ್‌ಗಳಲ್ಲಿ ರಾತ್ರಿಯಿಡೀ ಕಾಯುವವರಿರುವುದಿಲ್ಲ. ಸಂಜೆಯಾದ ಮೇಲೆ ಬಾಗಿಲಿಗೆ ಗುಪ್ತಸಂಖ್ಯೆ ಒತ್ತಿ ಒಳಹೋಗಬೇಕು. ಆ ಸಂಖ್ಯೆಯನ್ನು ಮೊದಲೇ ಕೇಳಿಟ್ಟುಕೊಳ್ಳದಿದ್ದರೆ ಹೊರಗೇ ನಿಲ್ಲಬೇಕಾಗುತ್ತದೆ. ತಿಂಡಿಮನೆಗಳೂ ಹಾಗೆಯೇ. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ, ರಾತ್ರಿಯದು ಏಳು ಅಥವಾ ಏಳೂವರೆಯ ನಂತರ. ನಡುವೆ ಅಡುಗೆ ಮನೆ ಮುಚ್ಚಿರುತ್ತದೆ. ಐದು ಗಂಟೆಗೆ ಹಸಿದ ಮಗುವಿಗೆ ಈ ವೇಳಾಪಟ್ಟಿ ತಿಳಿಯುವುದಿಲ್ಲವಲ್ಲ!

ಶನಿವಾರ ಊರಿಂದೂರಿಗೆ ಹೋಗುವುದನ್ನು ಆದಷ್ಟು ತಪ್ಪಿಸಿ. ಬಾಡಿಗೆ ಮನೆಗಳು ಬದಲಾಗುವ ದಿನ ಅದೇ. ಜುಲೈ ಕೊನೆ, ಆಗಸ್ಟ್ ಮೊದಲ ವಾರದ ಶನಿವಾರಗಳಲ್ಲಿ ರಜೆ ಮುಗಿಸಿ ಮರಳುವವರೂ ರಜೆಗೆ ಹೊರಟವರೂ ಒಟ್ಟಿಗೆ ರಸ್ತೆಗಿಳಿದು ಎ7 ಗಂಟೆಗಟ್ಟಲೆ ಕಟ್ಟಿ ನಿಲ್ಲುತ್ತದೆ. ‘ಬಿಸೋಂ ಫ್ಯುತೆ’ ಎಂಬ ಸರಕಾರಿ ಸೇವೆ 1976ರಿಂದ ಇಂಥ ದಿನಗಳನ್ನು ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣಗಳಲ್ಲಿ ಮುಂಚಿತವಾಗಿ ತಿಳಿಸುತ್ತಾ ಬಂದಿದೆ. ಕಪ್ಪು ಎಂದಿದ್ದರೆ ಆ ದಿನ ತಂಗಿದ ಊರಲ್ಲೇ ಉಳಿಯಿರಿ.

ಬಿಸಿಲು, ಬೆಂಕಿ, ನೆರೆ

ಗಲ್ಫ್‌ನಿಂದ ಹೋಗುವವರು ‘ಯುರೋಪ್ ಅಲ್ಲವೇ, ತಂಪಾಗಿರುತ್ತದೆ’ ಎಂದುಕೊಳ್ಳುತ್ತಾರೆ. ದಕ್ಷಿಣ ಫ್ರಾನ್ಸ್‌ನ ಬೇಸಿಗೆ ಹಾಗಿಲ್ಲ. 2019ರ ಜೂನ್ 28ರಂದು ಮೋಂಪೆಲಿಯೇ ಹತ್ತಿರದ ವೆರಾರ್ಗ್ ಎಂಬ ಹಳ್ಳಿಯಲ್ಲಿ 46 ಡಿಗ್ರಿ ಉಷ್ಣತೆ ದಾಖಲಾಯಿತು. 2003ರ ಆಗಸ್ಟ್‌ನ ಬಿಸಿಗಾಳಿಗೆ ಫ್ರಾನ್ಸ್‌ನಾದ್ಯಂತ ಸುಮಾರು 15 ಸಾವಿರ ಜನ, ಹೆಚ್ಚಾಗಿ ವೃದ್ಧರು, ಬಲಿಯಾದರು. ಅಲ್ಲಿನ ಎಷ್ಟೋ ಹಳೆಯ ಮನೆಗಳಲ್ಲಿ ಎಸಿ ಇಲ್ಲ. ವಯಸ್ಸಾದವರೂ ಮಕ್ಕಳೂ ಜೊತೆಗಿದ್ದರೆ ‘ಕ್ಲಿಮಾತಿಝಾಸ್ಯೋಂ’ ಇದೆಯೇ, ಅದು ಮಲಗುವ ಕೋಣೆಯಲ್ಲೇ ಇದೆಯೇ ಎಂದು ಬರೆದು ಕೇಳಿ. ಇಲ್ಲದಿದ್ದರೆ ದಪ್ಪ ಕಲ್ಲಿನ ಗೋಡೆಯ ಮನೆ, ಕೆಳಗಿನ ಮಹಡಿ ಆರಿಸಿಕೊಳ್ಳಿ. ಅಲ್ಲಿನವರು ಹಗಲಿಡೀ ಕಿಟಕಿಯ ಮರದ ಹೊರಬಾಗಿಲುಗಳನ್ನು ಮುಚ್ಚಿ ರಾತ್ರಿ ತೆರೆದಿಡುತ್ತಾರೆ. ನೀವೂ ಹಾಗೆಯೇ ಮಾಡಿ.

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವಿದೆ. 2025ರ ಆಗಸ್ಟ್‌ನಲ್ಲಿ ನಾರ್ಬೋನ್ ಮತ್ತು ಕಾರ್ಕಸೋನ್‌ನ ದಕ್ಷಿಣಕ್ಕಿರುವ ಕೋರ್ಬಿಯೇರ್ ಗುಡ್ಡಗಳಲ್ಲಿ 16 ಸಾವಿರ ಹೆಕ್ಟೇರ್‌ನಷ್ಟು ಪ್ರದೇಶ ಸುಟ್ಟುಹೋಯಿತು. ಪೈನ್ ಕಾಡಿನ ನಡುವೆ, ಒಂದೇ ದಾರಿಯಿರುವ ಮನೆ ಚಿತ್ರದಲ್ಲಿ ಬಹಳ ಚೆಂದ ಕಾಣುತ್ತದೆ. ಆದರೆ ಅಪಾಯ ಬಂದರೆ ಹೊರಬರುವ ದಾರಿಯೂ ಅದೊಂದೇ ಎಂಬುದನ್ನು ಯೋಚಿಸಿ. ಶರತ್ಕಾಲದಲ್ಲಿ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಅತಿಯಾದ ಮಳೆ ಸುರಿದು ಹಳ್ಳಗಳು ಉಕ್ಕುತ್ತವೆ. 1992ರ ಸೆಪ್ಟೆಂಬರ್ 22ರಂದು ವೇಝೋಂ ಎಂಬ ಊರಿನಲ್ಲಿ ಉವೇಝ್ ನದಿ ಉಕ್ಕಿ, ದಡದಲ್ಲಿದ್ದ ಕ್ಯಾಂಪಿಂಗ್ ತಾಣವೂ ಕೊಚ್ಚಿಹೋಗಿ ಹತ್ತಾರು ಜನ ಸತ್ತರು. ನದಿಯ ದಡದ ಜಾಗ ನೋಡಲು ಎಷ್ಟೇ ಸೊಗಸಾಗಿರಲಿ, ಮಳೆಗಾಲದಲ್ಲಿ ಎತ್ತರದ ಜಾಗವೇ ಮೇಲು. ಯಾವುದೇ ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ 112. ಮಕ್ಕಳಿಗೂ ಅದನ್ನು ಬಾಯಿಪಾಠ ಮಾಡಿಸಿ.

ಅಡುಗೆ ಮನೆಯ ಲೆಕ್ಕ

ಹಲಾಲ್ ಆಹಾರದ ಬಗ್ಗೆ ನಮ್ಮ ಸಹೋದರಿಯರಿಗೆ ಮೊದಲ ಚಿಂತೆ. ಫ್ರಾನ್ಸ್‌ನಲ್ಲಿ ಉತ್ತರ ಆಫ್ರಿಕಾ ಮೂಲದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಾಗಾಗಿ ಮಾರ್ಸೇಲ್, ನೀಮ್, ಅವಿನ್ಯೋಂ, ಮೋಂಪೆಲಿಯೇ, ತುಲೂಸ್‌ನಂಥ ನಗರಗಳಲ್ಲಿ ‘ಬುಶ್ರಿ ಹಲಾಲ್’ ಎಂಬ ಫಲಕದ ಮಾಂಸದಂಗಡಿಗಳು ಸುಲಭವಾಗಿ ಸಿಗುತ್ತವೆ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲೂ ಪ್ರತ್ಯೇಕ ವಿಭಾಗವಿರುತ್ತದೆ. ಅಧಿಕೃತವಾಗಿ ಝಬಹ್ ಮಾಡುವವರಿಗೆ ಅನುಮತಿ ಕೊಡುವ ಅಧಿಕಾರ ಪ್ಯಾರಿಸ್, ಲಿಯೋಂ ಮತ್ತು ಎವ್ರಿ ನಗರಗಳ ದೊಡ್ಡ ಮಸೀದಿಗಳಿಗೆ ಇದೆ. ಆದರೆ ಪ್ರೊವಾನ್ಸ್‌ನ ಗುಡ್ಡದ ಮೇಲಿನ ಸಣ್ಣ ಹಳ್ಳಿಗಳಲ್ಲಿ ಇದನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ತಂಗುವ ಜಾಗ ಇಂಥ ನಗರದಿಂದ ಅರ್ಧ ಗಂಟೆಯೊಳಗಿರಲಿ. ಮಾಂಸ ತಂದು ಫ್ರಿಜ್‌ನಲ್ಲಿಟ್ಟರೆ ಎರಡು ದಿನದ ಚಿಂತೆ ಮುಗಿಯಿತು. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ. ಶನಿವಾರವೇ ತಂದಿಟ್ಟುಕೊಳ್ಳಿ.

ಹೊರಗೆ ತಿನ್ನುವಾಗ ಕೆಲವು ಪದಗಳು ಗೊತ್ತಿರಲಿ. ‘ಪೋರ್’, ‘ಜಾಂಬೋಂ’, ‘ಲಾರ್ದೋಂ’ ಎಂದರೆ ಹಂದಿಯ ಮಾಂಸದ ಬಗೆಗಳು. ಲಾರ್ದೋಂ ಎಂಬ ಸಣ್ಣ ತುಣುಕುಗಳು ಸಲಾಡ್‌ನಲ್ಲೂ ಅಡಗಿರುತ್ತವೆ. ‘ವ್ಯಾಂ’ ಎಂದರೆ ಮದ್ಯ. ಪ್ರೊವಾನ್ಸ್‌ನ ಪ್ರಸಿದ್ಧ ‘ದೋಬ್’ ಎಂಬ ಖಾದ್ಯವನ್ನು ಬೇಯಿಸುವುದೇ ಅದರಲ್ಲಿ. ಆದರೆ ಸುಟ್ಟ ಮೀನು, ಬದನೆ ಟೊಮೆಟೊಗಳ ‘ರತತೂಯ್’, ನೀಸ್ ನಗರದ ಕಡಲೆಹಿಟ್ಟಿನ ದೋಸೆಯಂಥ ‘ಸೊಕ್ಕಾ’ ನಮ್ಮ ನಾಲಿಗೆಗೂ ಹಿಡಿಸುತ್ತವೆ. ಷಾಂಬ್ರ್ ದೋತ್‌ನಲ್ಲಿ ರಾತ್ರಿಯ ಊಟವನ್ನೂ ಹೇಳಿದ್ದರೆ, ಎಲ್ಲರಿಗೂ ಒಂದೇ ಅಡುಗೆ ಮಾಡುವ ಪದ್ಧತಿ ಇರುವುದರಿಂದ, ನಮಗೆ ಏನು ಸಲ್ಲದು ಎಂಬುದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ನಮಾಝ್, ನೀರು, ಮರೆ

ಜೂನ್, ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂಕಾಲು ದಾಟಿರುತ್ತದೆ. ಇಶಾದ ಸಮಯವಾಗುವಾಗ ಹನ್ನೊಂದು ಕಳೆದಿರುತ್ತದೆ, ಫಜ್ರ್ ಬಹಳ ಬೇಗ ಬರುತ್ತದೆ. ನಿದ್ರೆಗೆ ಸಿಗುವ ಅವಧಿ ಕಡಿಮೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಕೋಣೆ ಖಾಲಿ ಮಾಡಿ ಹೊರಡುವ ಯೋಜನೆ ಹಾಕಿಕೊಂಡರೆ ಮೂರನೇ ದಿನಕ್ಕೆ ಮನೆಮಂದಿಯೆಲ್ಲ ಸುಸ್ತು. ಒಂದೇ ಕಡೆ ಹಲವು ರಾತ್ರಿ ತಂಗಿದರೆ ಫಜ್ರ್ ಮುಗಿಸಿ ಮತ್ತೆ ಎರಡು ಗಂಟೆ ಮಲಗಬಹುದು.

ತಂಗುವ ದಿನಗಳ ಲೆಕ್ಕಕ್ಕೂ ನಮಾಝ್‌ಗೂ ಸಂಬಂಧವಿದೆ. ಶಾಫಿಈ ಮಝ್ಹಬ್‌ನ ಪ್ರಕಾರ ತಲುಪಿದ ಮತ್ತು ಹೊರಡುವ ದಿನಗಳನ್ನು ಬಿಟ್ಟು ಪೂರ್ಣ ನಾಲ್ಕು ದಿನ ಒಂದೇ ಊರಲ್ಲಿ ತಂಗುವ ಉದ್ದೇಶವಿದ್ದರೆ ಕಸ್ರ್ ಮಾಡುವಂತಿಲ್ಲ. ಹನಫಿ ಮಝ್ಹಬ್‌ನಲ್ಲಿ ಆ ಮಿತಿ ಹದಿನೈದು ದಿನ. ಆದರೆ ಎರಡು ನಮಾಝ್‌ಗಳನ್ನು ಒಟ್ಟು ಸೇರಿಸುವ ರಿಯಾಯಿತಿ ಪ್ರಯಾಣದಲ್ಲಿ ಹನಫಿಗಳಿಗಿಲ್ಲ. ಊರುಗಳನ್ನು ಗೊತ್ತುಪಡಿಸುವಾಗಲೇ ಇದನ್ನೂ ನೋಡಿಕೊಳ್ಳಿ. ಇನ್ನು ಕಿಬ್ಲಾ. ನಮ್ಮೂರಲ್ಲಿ ಪಶ್ಚಿಮಕ್ಕೆ ತಿರುಗಿ ಅಭ್ಯಾಸವಾದ ಹಿರಿಯರಿಗೆ ಅಲ್ಲಿ ಅದು ಆಗ್ನೇಯದ ಕಡೆ ಎಂದು ಕೋಣೆ ಸೇರಿದ ಕೂಡಲೇ ತೋರಿಸಿಕೊಡಬೇಕು.

ಅಲ್ಲಿನ ಹಳೆಯ ಮನೆಗಳಲ್ಲಿ ಶೌಚಾಲಯ ಮತ್ತು ಸ್ನಾನದ ಕೋಣೆ ಬೇರೆ ಬೇರೆ ಇರುತ್ತವೆ. ಶೌಚಾಲಯದಲ್ಲಿ ನೀರಿನ ನಲ್ಲಿ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯ ಮೇಲ್ಭಾಗದಲ್ಲೇ ಇರಲಿ.

ಹೆಣ್ಣುಮಕ್ಕಳ ಉಡುಪಿನ ಬಗ್ಗೆಯೂ ಸ್ಪಷ್ಟ ತಿಳುವಳಿಕೆ ಬೇಕು. ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನು ಫ್ರಾನ್ಸ್ 2011ರ ಏಪ್ರಿಲ್‌ನಿಂದ ನಿಷೇಧಿಸಿದೆ, ದಂಡ 150 ಯುರೋವರೆಗೆ. ಪ್ರವಾಸಿಗಳಿಗೂ ಇದು ಅನ್ವಯ. ತಲೆವಸ್ತ್ರ ಧರಿಸಿ ರಸ್ತೆ, ಅಂಗಡಿ, ಹೋಟೆಲ್‌ಗಳಿಗೆ ಹೋಗಲು ಅಡ್ಡಿಯಿಲ್ಲ. ಮೈ ಮುಚ್ಚುವ ಈಜುಡುಪಿನ ವಿಷಯ ಬೇರೆ. 2016ರ ಬೇಸಿಗೆಯಲ್ಲಿ ಹಲವು ಕಡಲೂರುಗಳು ತೀರದಲ್ಲಿ ಅದನ್ನು ನಿಷೇಧಿಸಿದಾಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಆಗಸ್ಟ್ 26ರಂದು ನೀಸ್ ಬಳಿಯ ವಿಲ್‌ನವ್-ಲುಬೆ ಊರಿನ ಆದೇಶವನ್ನು ತಡೆಹಿಡಿಯಿತು. ಆದರೆ ಅದೇ ನ್ಯಾಯಾಲಯ 2022ರಲ್ಲಿ ಗ್ರೆನೋಬ್ಲ್ ನಗರದ ಈಜುಕೊಳಗಳಲ್ಲಿ ಅದಕ್ಕೆ ಕೊಟ್ಟಿದ್ದ ಅವಕಾಶವನ್ನು ತಡೆಯಿತು. ಹಲವು ಈಜುಕೊಳಗಳಲ್ಲಿ ಸಡಿಲ ಉಡುಪಿಗೆ ಅನುಮತಿಯಿಲ್ಲ. ನೀರಿಗಿಳಿಯುವ ಆಸೆಯಿರುವ ಹೆಣ್ಣುಮಕ್ಕಳು ದಡದಲ್ಲಿ ಕುಳಿತು ಗಂಡುಮಕ್ಕಳ ಟವೆಲ್ ಕಾಯುವುದಷ್ಟೇ ಆಗಬಾರದು ಎಂದಿದ್ದರೆ, ಗೋಡೆಯ ಮರೆಯಲ್ಲಿ ಸ್ವಂತ ಕೊಳವಿರುವ ಝೀತ್ ಒಂದು ದಾರಿ. ಅಲ್ಲಿ ಮನೆಗಳ ಕೊಳಗಳಿಗೆ ಬೇಲಿ, ಮುಚ್ಚಳ, ಚಾವಣಿ ಅಥವಾ ಎಚ್ಚರಿಕೆಯ ಗಂಟೆ ಈ ನಾಲ್ಕರಲ್ಲೊಂದು ಇರಲೇಬೇಕೆಂದು 2003ರ ಕಾನೂನು ಹೇಳುತ್ತದೆ. ಪುಟ್ಟ ಮಕ್ಕಳಿದ್ದರೆ ಬೇಲಿ ಇರುವುದನ್ನೇ ಆರಿಸಿ. ಗಂಟೆ ಬಾರಿಸುವುದು ಮಗು ಬಿದ್ದ ಮೇಲೆ.

ಮಕ್ಕಳಿಗೆ ತೋರಿಸಬೇಕಾದದ್ದು

ತಂಗುವ ಊರು ಬರೀ ಮಲಗುವ ಊರಾಗಬೇಕಿಲ್ಲ. ಅವಿನ್ಯೋಂನಲ್ಲಿ ಜುಲೈ ತಿಂಗಳಿಡೀ 1947ರಿಂದ ನಡೆದು ಬಂದ ನಾಟಕೋತ್ಸವದ ಗದ್ದಲ, ಆಗ ಕೋಣೆ ಸಿಗುವುದು ಕಷ್ಟ. ಅದಕ್ಕೇ ನೀಮ್ ಅನುಕೂಲ. ಆ ನೀಮ್‌ನಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿ ಉತ್ಖನನದಲ್ಲಿ ಸಿಕ್ಕ ಮೂರು ಸಮಾಧಿಗಳು ಎಂಟನೇ ಶತಮಾನದ ಮುಸ್ಲಿಮರವು ಎಂದು 2016ರಲ್ಲಿ ಸಂಶೋಧಕರು ಪ್ರಕಟಿಸಿದರು. ಮೃತರನ್ನು ಮಕ್ಕಾದ ಕಡೆಗೆ ಮುಖ ಮಾಡಿ ಮಲಗಿಸಲಾಗಿತ್ತು. ಅಲ್ಲಿಂದ ಪಶ್ಚಿಮಕ್ಕಿರುವ ನಾರ್ಬೋನ್ 719ರ ಹೊತ್ತಿಗೆ ಅಂದಲೂಸ್‌ನ ಮುಸ್ಲಿಮರ ಕೈಸೇರಿ 759ರವರೆಗೂ ಅವರ ಆಡಳಿತದಲ್ಲಿತ್ತು.

ಎಕ್ಸ್‌ನಿಂದ ನೀಸ್‌ಗೆ ಹೋಗುವ ದಾರಿಯಲ್ಲಿ ಫ್ರೇಜ್ಯೂಸ್ ಎಂಬ ಊರಿದೆ. ಅಲ್ಲಿ ಮಾಲಿ ದೇಶದ ಜೆನ್ನೆ ಮಸೀದಿಯನ್ನು ಹೋಲುವ ‘ಮಿಸಿರಿ’ ಎಂಬ ಕೆಂಪು ಕಟ್ಟಡ ಇದೆ. ಫ್ರಾನ್ಸ್‌ನ ಸೇನೆಯಲ್ಲಿದ್ದ ಪಶ್ಚಿಮ ಆಫ್ರಿಕಾದ ಸೈನಿಕರಿಗಾಗಿ 1930ರ ಸುಮಾರಿಗೆ ಕಟ್ಟಿದ್ದು. ಒಳಗೆ ಚಾವಣಿಯಿಲ್ಲ, ನಮಾಝ್ ನಡೆಯುವ ಮಸೀದಿಯೂ ಅಲ್ಲ. ಮನೆ ಬಿಟ್ಟು ಬಂದವರಿಗೆ ಊರಿನ ನೆನಪಿಗೆಂದು ಎದ್ದ ಗೋಡೆಗಳು. ಗಲ್ಫ್‌ನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದರ ಅರ್ಥ ಬೇಗ ತಿಳಿಯುತ್ತದೆ.

ಕಾಯ್ದಿರಿಸುವ ಮೊದಲು

ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ತಂಗುವ ಸ್ಥಳಗಳ ದಾಖಲೆ ಬೇಕು, ಕನಿಷ್ಠ 30 ಸಾವಿರ ಯುರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಬೇಕು. ಆದ್ದರಿಂದ ವೀಸಾ ಕೈಸೇರುವ ತನಕ ಹಣ ವಾಪಸಾಗುವಂತೆ ರದ್ದುಪಡಿಸಬಹುದಾದ ಕಡೆಗಳಲ್ಲೇ ಕಾಯ್ದಿರಿಸಿ. ಕಾರಿನಲ್ಲಿ 10 ವರ್ಷದೊಳಗಿನ ಮಕ್ಕಳಿಗೆ ಅವರ ಗಾತ್ರಕ್ಕೆ ತಕ್ಕ ಆಸನ ಕಡ್ಡಾಯ. ಮೂರು ಮಕ್ಕಳ ಆಸನಗಳಿಟ್ಟರೆ ಪೆಟ್ಟಿಗೆಗೆ ಉಳಿಯುವ ಜಾಗ ಅಲ್ಪ. ಬಟ್ಟೆ ಕಡಿಮೆ ಒಯ್ದು ಒಗೆಯುವ ಯಂತ್ರವಿರುವ ಮನೆ ಹಿಡಿಯುವುದೇ ಉಪಾಯ.

ಹಣ ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ:

ಕೋಣೆ ಎಷ್ಟನೇ ಮಹಡಿ? ಲಿಫ್ಟ್ ಇದೆಯೇ?
ಆರು ಜನರಿಗೆ ಎಷ್ಟು ಹಾಸಿಗೆ, ಎಷ್ಟು ಬಾಗಿಲು?
ಕಾರು ಎಲ್ಲಿ ನಿಲ್ಲುತ್ತದೆ, ಬಾಗಿಲಿನಿಂದ ಎಷ್ಟು ದೂರ?
ಎಸಿ ಇದೆಯೇ? ಒಗೆಯುವ ಯಂತ್ರ, ಒಲೆ, ಫ್ರಿಜ್ ಇವೆಯೇ?
ತಡವಾಗಿ ತಲುಪಿದರೆ ಒಳಗೆ ಹೋಗುವುದು ಹೇಗೆ?
ಹೊದಿಕೆ, ಸ್ವಚ್ಛತೆ, ತೆರಿಗೆ ಸೇರಿ ಒಟ್ಟು ಎಷ್ಟು?

ಮೊದಲ ಪ್ರಶ್ನೆಯ ಬೆಲೆ ತಂಗಿಗೆ ಗೊತ್ತು. ಒಂದು ಊರಿನಲ್ಲಿ ‘ಲಿಫ್ಟ್ ಇದೆ’ ಎಂದು ಹೇಳಿದ್ದರೂ ಹೋಗಿ ನೋಡಿದರೆ ಅದು ಕೆಟ್ಟು ನಿಂತಿತ್ತು, ಕೋಣೆ ಮೂರನೇ ಮಹಡಿಯಲ್ಲಿ. ಬರಹದಲ್ಲಿ ಉತ್ತರ ಪಡೆದಿದ್ದರಿಂದ ಅದನ್ನು ತೋರಿಸಿ ಕೆಳಗಿನ ಕೋಣೆ ಕೇಳಿ ಪಡೆಯಲು ಸಾಧ್ಯವಾಯಿತು.

ಪ್ರಿಯ ಸಹೋದರಿಯರೇ, ಈ ಪ್ರಶ್ನೆಗಳನ್ನು ಕೇಳುವುದು ಚಾಲಕನ ಕೆಲಸ, ನಮಗೇಕೆ ಎಂದು ಸುಮ್ಮನಿರಬೇಡಿ. ಮನೆಯಲ್ಲಿ ಯಾರಿಗೆ ಯಾವಾಗ ಹಸಿವಾಗುತ್ತದೆ, ಯಾರಿಗೆ ರಾತ್ರಿ ಎಷ್ಟು ಸಲ ಎದ್ದು ಹೋಗಬೇಕಾಗುತ್ತದೆ, ಯಾವ ಮಗು ಹೊಸ ಜಾಗದಲ್ಲಿ ಅಳುತ್ತದೆ ಎಂಬುದೆಲ್ಲ ನಿಮಗೇ ಗೊತ್ತಿರುವ ವಿಷಯಗಳು. ತಂಗುದಾಣ ಆರಿಸಲು ಬೇಕಾದ ಜ್ಞಾನವೂ ಅದೇ. ಸಹೋದರರೇ, ದಾರಿಯ ನಕ್ಷೆ ನಿಮ್ಮ ಕೈಯಲ್ಲಿರಲಿ, ಆದರೆ ರಾತ್ರಿಗಳ ಪಟ್ಟಿಯನ್ನು ಮನೆಯವರೊಂದಿಗೆ ಕುಳಿತು ಬರೆಯಿರಿ. ಒಂದು ಕೋಟೆ ನೋಡದೆ ಉಳಿದರೆ ನಷ್ಟವೇನೂ ಇಲ್ಲ. ಹತ್ತು ದಿನದ ರಜೆ ಮುಗಿಸಿ ಮನೆಯೊಡತಿ ಹೋದಾಗಿನಕ್ಕಿಂತ ಹೆಚ್ಚು ದಣಿದು ಮರಳಿದರೆ ಆ ರಜೆ ಯಾರದಾಗಿತ್ತು ಎಂದು ಕೇಳಿಕೊಳ್ಳಬೇಕಾಗುತ್ತದೆ.